ನಿನ್ನ ಹಾಡಿನ ಗುಂಯ್ ಸದ್ದು

ನೆಲಿದಾ,

ನಿನ್ನ ಪುಟ್ಟ ವಿಡಿಯೋ ಗೇಮ್ ಯಂತ್ರವನ್ನು ಇಂದು ಅಡಿಗೆಮನೆಯ ಮೇಜಿನ ಮೇಲೆಯೇ ಬಿಚ್ಚಿ ಹರಡಿದೆ. ಬೈಯಲು ನೀನಿಲ್ಲವಲ್ಲ. ಅದರ ಪರದೆಯ ಮೇಲೆ ಸ್ವರ ಬರೆದು ನೀನು ಕಟ್ಟಿದ ಕೊನೆಯ ಹಾಡನ್ನು ಶನಿವಾರ ನದಿದಂಡೆಯ ಕ್ಲಬ್ಬಿನಲ್ಲಿ ನಿನ್ನ ನೆನಪಿಗೆ ನುಡಿಸುತ್ತಾರಂತೆ.

"ಆ ಗುಂಯ್ ಸದ್ದು ಮಾತ್ರ ತೆಗಿ ಮಾರಾಯ. ಒಳಗೆ ಜೀರುಂಡೆ ಸಾಕಿದೀಯಾ?" ಎಂದ, ಎದುರು ಕೂತಿದ್ದ ನಮ್ಮ ಗೆಳೆಯ ಎವಾರಿಸ್ತೊ.

ಸ್ಪೀಕರಿಗೆ ಜೋಡಿಸಲೆಂದು ನಾನೇ ಬೆಸೆದು ಕೂರಿಸಿದ ಜಾಕ್‌ನ ಸದ್ದು ಅದು. ನಾಳೆ ಸರಿಮಾಡುತ್ತೇನೆ ಅನ್ನುತ್ತಲೇ ಇದ್ದೆ, ನಿನಗೆ ಗೊತ್ತು.

ಕೈಪಿಡಿ ಇಂಗ್ಲಿಷಿನಲ್ಲಿತ್ತು. ಕಾಲೇಜಿನಲ್ಲಿ ಕಲಿತದ್ದು ಅರ್ಧ ಮರೆತಿದೆ, ಚಿತ್ರ ನೋಡಿಕೊಂಡೇ ಹೋದೆ. ನಡುವೆ ಮಾತೆ ಎಲೆಯ ಕಷಾಯ ತಣ್ಣಗಾಗಿ, ಮತ್ತೆ ನೀರಿಟ್ಟು... ಎಲ್ಲಿದ್ದೆ? ಹಾಂ, ಧ್ವನಿಯ ತಂತಿ ಪರದೆಯ ದೀಪದ ತಂತಿಗೆ ಅಂಟಿಕೊಂಡಿತ್ತು. ಬಿಡಿಸಿ, ದೂರದಿಂದ ಸುತ್ತಿಸಿ ಬೆಸೆದೆ. ಸದ್ದು ನಿಂತಿತು.

ಹಾಡು ಹಾಕಿದೆ. ಎವಾರಿಸ್ತೊ ಮುಖ ಗಂಟಿಕ್ಕಿದ.

"ಕೆಳಗಿನ ಸ್ವರ ಎಲ್ಲೋ? ಅಳಿಸಿಬಿಟ್ಯಾ?"

ಗಾಬರಿಯಿಂದ ಪರದೆ ನೋಡಿದೆವು. ಕೆಳಗಿನ ಸ್ವರದ ಸಾಲು ಮೊದಲಿನಿಂದ ಕೊನೆಯವರೆಗೂ ಖಾಲಿ. ಅಲ್ಲಿ ನೀನು ಏನನ್ನೂ ಬರೆದೇ ಇರಲಿಲ್ಲ. ಆ ಗುಂಯ್ ಸದ್ದನ್ನೇ ಶ್ರುತಿಯಾಗಿಟ್ಟುಕೊಂಡು ಉಳಿದದ್ದನ್ನೆಲ್ಲ ಅದರ ಮೇಲೆ ಕಟ್ಟಿದ್ದೆ.

ಒಂದು ದಿನವೂ ಹೇಳಲಿಲ್ಲವಲ್ಲೇ.

"ಈಗೇನ್ಮಾಡ್ತೀಯಾ?" ಎಂದ ಅವನು, ಮೆಲ್ಲಗೆ.

ತಂತಿಯನ್ನು ಮೊದಲಿದ್ದ ಜಾಗಕ್ಕೇ ಒತ್ತಿ ಬೆಸೆದೆ. ಗುಂಯ್ ಎಂದಿತು, ಅದರ ಮೇಲೆ ನಿನ್ನ ಹಾಡು ಬಂದು ಕೂತಿತು. ಎವಾರಿಸ್ತೊ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ.

ಶನಿವಾರ ಯಾರಾದರೂ ಆ ಸದ್ದು ಸರಿಮಾಡು ಅಂದರೆ, ನಾಳೆ ಮಾಡುತ್ತೇನೆ ಅನ್ನುತ್ತೇನೆ.

ನಿನ್ನ
ಅನ್ಸೆಲ್ಮೊ