ರೆಕಾರ್ಡ್ ಆಗದ ಒಂದೂವರೆ ಗಂಟೆ

ಅಪ್ಪಾ,

ನೂಲಿನ ಗಿರಣಿಯಲ್ಲಿ ದುಡಿದವರ ಕೆಮ್ಮಿನ ಬಗ್ಗೆ ಪ್ರಬಂಧ ಬರೆಯುತ್ತಿದ್ದೇನೆ. ಇವತ್ತು ನಿನ್ನ ಪಾಳಿಯ ಮೇಸ್ತ್ರಿಯನ್ನು ಮಾತಾಡಿಸಲು ಹೋಗಿದ್ದೆ. ಮಂಚದ ಮೇಲೆ ದಿಂಬಿಗೊರಗಿ, ಏದುಸಿರು ಬಿಡುತ್ತಲೇ ಒಂದೂವರೆ ಗಂಟೆ ತಮ್ಮ ಕಥೆ ಹೇಳಿದರು. ಕೊನೆಗೆ ನೋಡಿದರೆ ಮೊಬೈಲಿನಲ್ಲಿ ರೆಕಾರ್ಡಿಂಗ್ ಶುರುವಾಗಿರಲೇ ಇಲ್ಲ. ನನಗೆ ಅಳುವೇ ಬಂತು.

"ಇನ್ನೊಂದ್ಸಲ ಹೇಳ್ತೀರಾ, ದೊಡ್ಡಪ್ಪ?"

"ಆಗಲ್ಲ ಮಗಳೇ, ಅಷ್ಟು ಉಸಿರಿಲ್ಲ. ನಿಮ್ಮಪ್ಪ ಸಾಯೋ ಮುಂಚೆ ಎಲ್ಲಾ ಹೇಳಿರ್ತಾನಲ್ಲ, ಅದನ್ನೇ ಬರ್ಕೋ. ನಮ್ಮಿಬ್ರದೂ ಒಂದೇ ಕಥೆ."

"ಹೂಂ" ಅಂದು ಪುಸ್ತಕ ಮುಚ್ಚಿದೆ. ಪಕ್ಕದ ಕೋಣೆಯಲ್ಲಿ ನೀನು ಕೆಮ್ಮುತ್ತಿದ್ದಾಗ, ಓದಿಗೆ ತೊಂದರೆಯೆಂದು ನಾನು ಬಾಗಿಲು ಹಾಕಿಕೊಳ್ಳುತ್ತಿದ್ದೆ ಎಂದು ಹೇಳಲು ಬಾಯಿ ಬರಲಿಲ್ಲ.