ಅಮಾವಾಸ್ಯೆಯಂದು ಕೇಳಿಸಿದ ಅಮೆರಿಕ

ರಬಕವಿ, ಅಮಾವಾಸ್ಯೆ

ಅಪ್ಪಾ,

ಚುನಾವಣೆಯ ವಿಷಯಕ್ಕೆ ನಮ್ಮಿಬ್ಬರಿಗೆ ಜಗಳವಾದಾಗಿನಿಂದ ನೀವು ನನ್ನ ಫೋನು ಎತ್ತುತ್ತಿಲ್ಲ, ಅದಕ್ಕೇ ಈ ಕಾರ್ಡು. ಬ್ಯಾಂಕಿನ ಕೆಲಸಕ್ಕೆ ಸೇರಿದೆ, ಆರಾಮಾಗಿದ್ದೇನೆ.

ಇಲ್ಲಿ ಅಮಾವಾಸ್ಯೆಗೆ ಮಗ್ಗ ಓಡಿಸುವುದಿಲ್ಲ. ಬಂದಾಗಿನಿಂದ ಕಿವಿಯಲ್ಲಿ ಕೂತಿದ್ದ ಖಟಖಟ ಇವತ್ತು ನಿಂತು, ಊರೇ ನೀರಿನ ಮೇಲೆ ತೇಲುತ್ತಿರುವಂತಿದೆ. ಓಣಿಯಲ್ಲಿ ಒಣಹಾಕಿದ ಕೆಂಪು, ಹಸಿರು ನೂಲಿನ ನಡುವಿನಿಂದ ಯಾರೋ ಇಂಗ್ಲಿಷಿನಲ್ಲಿ ಕೂಗುವುದು ಕೇಳಿಸಿತು. ನಮ್ಮ ಮನೆ ಮಾಲೀಕರು, ನಿವೃತ್ತ ಮೇಷ್ಟ್ರು ರಘೂತ್ತಮರು, ದಿನಾ ಬೆಳಿಗ್ಗೆ ಫೋನಿನಲ್ಲಿ ಅಮೆರಿಕದ ರೇಡಿಯೊ ಹಾಕುತ್ತಾರಂತೆ. ಮಗ್ಗದ ಸದ್ದಿನಲ್ಲಿ ಯಾರಿಗೂ ಕೇಳಿಸಿರಲಿಲ್ಲ, ಅಷ್ಟೇ. ಕೂಗುತ್ತಿದ್ದವನು ಅಲ್ಲಿನ ಸಂಪ್ರದಾಯವಾದಿಗಳ ಕಡೆಯವನು. ತನ್ನ ಅಭ್ಯರ್ಥಿಯ ಮೇಲಿನ ಕ್ರಿಮಿನಲ್ ಕೇಸು ಚುನಾವಣೆಯ ಪಿತೂರಿ, ತೀರ್ಪು ಮೊದಲೇ ಬರೆದಾಗಿದೆ ಎಂದು ಉಸಿರು ಬಿಡದೆ ಕಿರುಚುತ್ತಿದ್ದ. ಥೇಟ್ ಟಿವಿ ಮುಂದೆ ಕೂತ ನೀವು!

ಪಕ್ಕದ ಮನೆಯ ಗುರುಬಸವ್ವ ಇವತ್ತು ರಾಟೆ ಬಿಟ್ಟು ಕಟ್ಟೆಯ ಮೇಲೆ ಕೂತು, ಕಣ್ಣು ಮುಚ್ಚಿಕೊಂಡು ಪುರಾಣ ಕೇಳುವ ಹಾಗೆ ಅದನ್ನು ಕೇಳಿದರು. ಮೇಷ್ಟ್ರು ಚುನಾವಣೆ, ಕೋರ್ಟು, ಜ್ಯೂರಿ ಎಲ್ಲವನ್ನೂ ಬಿಡಿಸಿ ಹೇಳಿದರು. ಆಕೆ ಕಣ್ಣು ತೆರೆದು, "ಅದೆಲ್ಲಾ ಇರಲಿ ಬಿಡ್ರಿ ಮಾಸ್ತರ್ರ. ಮುಂಜಾನಿಂದ ಒಂದ ಸವನ ಒದರಾಕತ್ತಾನ. ಪಾಪ, ಏನರೆ ಉಂಡಾನೋ ಇಲ್ಲೋ?" ಅಂದರು.

ಮೇಷ್ಟ್ರು ಫೋನಿನ ಸದ್ದು ತಗ್ಗಿಸಿದರು. ನೂಲು ಗಾಳಿಗೆ ತೂಗುತ್ತಿತ್ತು.

ನನ್ನ ಕೆಮ್ಮು ನಿಂತಿದೆ. ನಿಮ್ಮ ಬಿಪಿ ಮಾತ್ರೆ ಫ್ರಿಜ್ಜಿನ ಮೇಲಿನ ಡಬ್ಬಿಯಲ್ಲಿದೆ. ಕಾರ್ಡಿನಲ್ಲಿ ಜಾಗ ಮುಗಿಯಿತು. ಯಾರು ಬೇಕಾದರೂ ಗೆಲ್ಲಲಿ ಅಪ್ಪಾ, ನಿಮ್ಮ ಊಟ ಆಯ್ತಾ?

ವಿನುತ