ತಂಗುಮನೆಯವಳ ಮಾತು

ಗೇಲ್ಸ್‌ಬರ್ಗ್, ಇಲಿನಾಯ್
11 ಮಾರ್ಚ್ 1985

ಪ್ರೀತಿಯ ಆರಿನ್,

ಬೆನ್ನುನೋವು ಹೇಗಿದೆ? ಕ್ಯಾಲಿಫೋರ್ನಿಯಾದ ಆ ಕಂಪನಿಯವರು ನೆಟ್ಟಗಿರುವ ಕುರ್ಚಿಯನ್ನಾದರೂ ಕೊಟ್ಟಿದ್ದಾರೋ ಇಲ್ಲವೋ. ಹೊತ್ತಿಗೆ ಸರಿಯಾಗಿ ಊಟ ಮಾಡು. ಕಾಸು ಹಾಕಿದರೆ ಯಂತ್ರದಿಂದ ಬೀಳುವ ಬಿಸ್ಕತ್ತು ಊಟವಲ್ಲ. ನಾನು ಚೆನ್ನಾಗಿದ್ದೇನೆ ಎಂದು ಬರೆಯಬೇಕು, ಬರೆದಿದ್ದೇನೆ. ನಿಜ ಹೇಳಬೇಕೆಂದರೆ ಸಾಕಾಗಿದೆ.

ಫೋನಿನ ಕಾಟ ಇನ್ನೂ ತಪ್ಪಿಲ್ಲ. ನಿನ್ನ ಮೊದಲ ಕಂಪ್ಯೂಟರ್ ಆಟದ ಕೈಪಿಡಿಯಲ್ಲಿ 'ದಾರಿ ತಪ್ಪಿದರೆ ಕರೆ ಮಾಡಿ' ಎಂದು ಮನೆಯ ನಂಬರನ್ನೇ ಅಚ್ಚು ಹಾಕಿಸಿದ ಪುಣ್ಯಾತ್ಮ ನೀನು. ಆರು ವರ್ಷವಾಯಿತು. ನಿನ್ನೆ ಓಹಿಯೋದಿಂದ ಹಲ್ಲಿನ ಡಾಕ್ಟರೊಬ್ಬರು, "ಮೂರನೇ ನೆಲಮಾಳಿಗೆಯ ಕಾವಲುಗಾರ ಎಷ್ಟು ಹೊಡೆದ್ರೂ ಸಾಯ್ತಾನೇ ಇಲ್ಲ ಕಣಮ್ಮ" ಎಂದು ಗೋಳಾಡಿದರು. ಆಲೂಗಡ್ಡೆ ಹುರಿಯುತ್ತಲೇ, "ಹೊಡೀಬೇಡಿ, ಅವನಿಗೆ ಹಸಿವು, ಬ್ರೆಡ್ ಕೊಡಿ" ಎಂದೆ. ಒಂದು ದಿನವೂ ಆಡದೆ ನಿನ್ನ ಗುಹೆಗಳೆಲ್ಲ ನನಗೆ ಬಾಯಿಪಾಠವಾಗಿವೆ.

ಆಗ ನೀನಿನ್ನೂ ಶಾಲೆಯಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದೆ. ಅಡುಗೆಮನೆ ಮೇಜಿನ ಮೇಲೆ ಗ್ರಾಫ್ ಹಾಳೆ ಹರಡಿಕೊಂಡು ನೀನು ಗುಹೆ ಗೀಚುತ್ತಿದ್ದೆ, ನಾನು ಡಿಸ್ಕುಗಳನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಅಂಗಡಿಗೆ ಒಯ್ಯುತ್ತಿದ್ದೆ. ಆಟದ ಊರಿನಲ್ಲಿ ತಂಗುಮನೆ ನಡೆಸುವವಳಿಗೆ ನೀನು ನನ್ನ ಹೆಸರನ್ನೇ ಇಟ್ಟೆ. ಸುಸ್ತಾಗಿ ಬಂದವರಿಗೆ ಅವಳು, "ಮೊದ್ಲು ಕೂತ್ಕೊಳ್ಳಿ, ಬೂಟು ಬಿಚ್ಚಿ, ಸೂಪು ಬಿಸಿಯಿದೆ" ಎನ್ನುತ್ತಿದ್ದಳು. ಗಂಡ ಎಲ್ಲಿ ಎಂದು ಕೇಳಿದರೆ, "ಇದೊಂದು ಮುಗಿಸಿ ಬರ್ತಾನಂತೆ" ಎನ್ನುತ್ತಿದ್ದಳು. ಅದನ್ನು ಓದಿ ಇಬ್ಬರೂ ಎಷ್ಟು ನಕ್ಕಿದ್ದೆವು. ಎರಡನೆಯ ಆಟಕ್ಕೆ ನೀನು ಮೇಷ್ಟರ ಕೆಲಸ ಬಿಟ್ಟೆ. ಮೂರನೆಯದಕ್ಕೆ ಕಂಪನಿ ಸಿಕ್ಕಿತು, ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ನಿನ್ನ ಹೆಸರು ಬಂತು. ಪ್ರತಿ ಸಲವೂ "ಇದೊಂದು ಮುಗಿದ್ರೆ ಮುಗೀತು ವರ್ನಾ" ಎಂದೆ. ನಾಲ್ಕನೆಯದಕ್ಕೆಂದು ಹೋದವನು ಐದು ತಿಂಗಳಾದರೂ ಬಂದಿಲ್ಲ.

ಆ ನಾಲ್ಕನೆಯ ಆಟದ, ನೀನು ಪರೀಕ್ಷೆಗೆಂದು ಕಳಿಸಿದ ಡಿಸ್ಕನ್ನು ಮೊನ್ನೆ ನಾನೇ ಹಾಕಿದೆ. ಕತ್ತಿಯನ್ನೂ ಕೊಳ್ಳದೆ ನೇರವಾಗಿ ತಂಗುಮನೆಗೆ ಹೋದೆ. "ಕೋಣೆ ಇದೆ. ಹತ್ತು ನಾಣ್ಯ" ಎಂದಳು. ಗಂಡನ ಬಗ್ಗೆ ಕೇಳಿದೆ. "ಕೋಣೆ ಇದೆ. ಹತ್ತು ನಾಣ್ಯ." ಡಿಸ್ಕಿನಲ್ಲಿ ಜಾಗ ಸಾಲದೆ ಅವಳ ಮಾತು ಕತ್ತರಿಸಿರುತ್ತೀಯ, ಗೊತ್ತು, ಹೊಸ ಡ್ರ್ಯಾಗನ್ ಎಲ್ಲಿಯಾದರೂ ಮಲಗಬೇಕಲ್ಲ. ಆದರೂ ತುಂಬಾ ಬೇಜಾರಾಯಿತು. ಮೂರು ಸಲ ಕೇಳಿ ಕಂಪ್ಯೂಟರ್ ಆಫ್ ಮಾಡಿದೆ.

ಉಣ್ಣೆಯ ಕಾಲುಚೀಲ ಬೇರೆ ಕಳಿಸಿದ್ದೇನೆ, ಹಾಕಿಕೋ. ನಿನಗೆ ಒಳ್ಳೆಯದೇ ಆಗಲಿ.

ನಿನ್ನ
ವರ್ನಾ

ಮರೆತಿದ್ದೆ: ಇನ್ನೂ ಎರಡು ಆಟಗಳಿಗೆ ಒಪ್ಪಂದದ ಕಾಗದ ಮನೆಗೇ ಬಂದಿದೆ. ನೀನು ನನಗೆ ಹೇಳಿರಲಿಲ್ಲ. ಅದನ್ನು ನಾನು ಅಂಚೆಗೆ ಹಾಕುವುದಿಲ್ಲ. ಸಹಿ ಮಾಡುವುದಿದ್ದರೆ ಬಂದು ಇದೇ ಮೇಜಿನ ಮೇಲೆ, ನನ್ನೆದುರು ಮಾಡು. ಮುಂದಿನ ಶುಕ್ರವಾರ ಡಿಸ್ಕಿನ ಕೆಲಸ ಮುಗಿದು ಪ್ರತಿ ತೆಗೆಯಲು ಹೋಗುತ್ತದಲ್ಲ, ಅಷ್ಟರೊಳಗೆ ನೀನು ಬರುವ ಸುದ್ದಿ ಇಲ್ಲದಿದ್ದರೆ ತಂಗುಮನೆಯವಳಿಗೆ ಒಂದು ಸಾಲು ಸೇರಿಸು: "ಅವನನ್ನ ಕಾಯೋದು ಬಿಟ್ಟಿದೀನಿ." ಜಾಗ ಸಾಲದಿದ್ದರೆ ನನ್ನ ಹೆಸರು ತೆಗೆದುಬಿಡು.